ಕಪಾಟಿನೊಳಗಿನ ಬೇಸಿಗೆ

ಬಳ್ಳಾರಿಗೆ ಇರೋದು ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಕಡು ಬೇಸಿಗೆ ಅಂತ ಇಲ್ಲಿಯವರೇ ತಮಾಷೆ ಮಾಡಿಕೊಳ್ಳುತ್ತಾರೆ. ತೀರ್ಥಹಳ್ಳಿ ಕಡೆಯಿಂದ ಮದುವೆಯಾಗಿ ಇಲ್ಲಿಗೆ ಬಂದು ನನಗೆ ಇಪ್ಪತ್ತೆರಡು ವರ್ಷವಾಯಿತು. ಬಿಸಿಲು ಅಭ್ಯಾಸವಾಗಿದೆ. ಧೂಳು ಮಾತ್ರ ಇನ್ನೂ ಆಗಿಲ್ಲ. ಬೆಳಿಗ್ಗೆ ಒರೆಸಿದ ಟೇಬಲ್ ಮೇಲೆ ಸಂಜೆ ಬೆರಳಿನಲ್ಲಿ ಹೆಸರು ಬರೆಯಬಹುದು. ಕಳೆದ ವಾರ ಮಾವಿನ ಮಿಡಿ ಉಪ್ಪಿನಕಾಯಿ ಬಗ್ಗೆ ಬರೆದಿದ್ದೆ. ಈ ವಾರ ಮಗನ ಗೇಮಿಂಗ್ ಕಂಪ್ಯೂಟರ್ ಬಗ್ಗೆ ಬರೆಯುತ್ತಿದ್ದೇನೆ. ನಗಬೇಡಿ, ಇದರಲ್ಲಿ ನನ್ನದೊಂದು ತಪ್ಪೊಪ್ಪಿಗೆಯೂ ಇದೆ.

ಮಗ ಬಿ.ಕಾಂ. ಎರಡನೇ ವರ್ಷ. ಶನಿವಾರ, ಭಾನುವಾರ ಒಂದು ಫೋಟೋ ಸ್ಟುಡಿಯೋದವರಿಗೆ ಮದುವೆ ವಿಡಿಯೋ ಎಡಿಟ್ ಮಾಡಿಕೊಡುತ್ತಾನೆ. ಹಾಗೆ ಎರಡು ವರ್ಷ ಕೂಡಿಟ್ಟ ದುಡ್ಡಿನಲ್ಲಿ ಕಂಪ್ಯೂಟರಿಗೆ ಒಂದು ಗ್ರಾಫಿಕ್ಸ್ ಕಾರ್ಡ್ ಹಾಕಿಸಿದ. ಇಪ್ಪತ್ತೇಳು ಸಾವಿರ! "ಆಟದ ಸಾಮಾನಿಗೆ ಇಷ್ಟು ದುಡ್ಡಾ?" ಅಂದಿದ್ದರು ಯಜಮಾನರು. ಆಟವನ್ನೂ ಆಡುತ್ತಾನೆ, ಇಲ್ಲ ಅನ್ನಲ್ಲ. ರಾತ್ರಿ ಊಟವಾದ ಮೇಲೆ ಹೆಡ್‌ಫೋನ್ ಹಾಕಿಕೊಂಡು ಕೂತರೆ ಬೇರೆ ಲೋಕ.

ಸಂಕ್ರಾಂತಿಗೆ ಮನೆ ಸ್ವಚ್ಛ ಮಾಡುವಾಗ ನನಗೊಂದು ಉಪಾಯ ಹೊಳೆಯಿತು. ಅಷ್ಟು ದುಬಾರಿ ಸಾಮಾನು, ಟೇಬಲ್ ಪಕ್ಕ ನೆಲದ ಮೇಲೆ ಧೂಳು ತಿನ್ನುತ್ತಾ ಕೂತಿದೆಯಲ್ಲ, ಪಾಪ! ಟಿವಿ ಸ್ಟ್ಯಾಂಡಿನ ಕೆಳಗಿನ ಕಪಾಟು ಖಾಲಿ ಇತ್ತು. ಕಂಪ್ಯೂಟರಿನ ಡಬ್ಬಿಯನ್ನು ಅದರೊಳಗೆ ತಳ್ಳಿಸಿ, ವೈರಿಗೆ ಮಾತ್ರ ಹಿಂದೆ ಒಂದು ತೂತು ಕೊರೆಸಿ, ಬಾಗಿಲು ಹಾಕಿದೆ. ಸಾಲದು ಅಂತ ನೀಲಿ ಉಣ್ಣೆಯಲ್ಲಿ ನಾನೇ ಹೆಣೆದ ಹೊದಿಕೆಯನ್ನೂ ಹೊದಿಸಿದೆ. ನೋಡಿದವರೆಲ್ಲ ಮೆಚ್ಚಿಕೊಂಡರು.

ಜನವರಿಯಲ್ಲಿ ಏನೂ ಆಗಲಿಲ್ಲ. ಮಾರ್ಚ್‌ನಲ್ಲಿ ಮಗ ಒಮ್ಮೆ ಅಂದ, "ಅಮ್ಮಾ, ಇದನ್ನ ಹೊರಗಿಡೋಣ್ವಾ? ಗಾಳಿ ಸಾಕಾಗ್ತಿಲ್ಲ ಅನ್ಸುತ್ತೆ."

"ದಿನಾ ಒರೆಸೋ ಕೆಲ್ಸ ನಿಂದಾಗಿದ್ರೆ ಹೀಗೆ ಹೇಳ್ತಿರ್ಲಿಲ್ಲ," ಅಂದೆ. ಮಾತು ಅಲ್ಲಿಗೇ ಮುಗಿಯಿತು.

ಏಪ್ರಿಲ್ ಬಂತು. ಆಟ ಶುರುವಾದ ಐದೇ ನಿಮಿಷಕ್ಕೆ ಕಪಾಟಿನೊಳಗಿಂದ ಮಿಕ್ಸಿ ತಿರುಗಿದ ಹಾಗೆ ಸದ್ದು. ಪರದೆ ಮೇಲಿನ ಚಿತ್ರ ತಡವರಿಸುತ್ತಿತ್ತು. ಒಂದು ಮಂಗಳವಾರ ರಾತ್ರಿ, ಮರುದಿನ ಬೆಳಿಗ್ಗೆ ಕೊಡಬೇಕಾದ ಮದುವೆ ವಿಡಿಯೋ ಇತ್ತು. ಎರಡು ಸಲ ಪರದೆ ಕಪ್ಪಾಗಿ ಕಂಪ್ಯೂಟರ್ ತಾನೇ ಆಫ್ ಆಯಿತು. ವಿಡಿಯೋ ಹೊತ್ತಿಗೆ ಸಿಗಲಿಲ್ಲ. ಸ್ಟುಡಿಯೋದವರು ಫೋನಿನಲ್ಲಿ ಬೈದದ್ದು ಅಡುಗೆಮನೆಗೂ ಕೇಳಿಸಿತು.

"ಹಗಲೂ ರಾತ್ರಿ ಆಟ ಆಡಿದ್ರೆ ಇನ್ನೇನಾಗುತ್ತೆ? ಸುಟ್ಟು ಹೋಗೋ ಮೊದ್ಲು ಮಾರಿ ಬಿಡು," ಅಂದರು ಇವರು. ನಾನೂ ದನಿ ಸೇರಿಸಿದೆ. ಮಗ ಒಂದು ಮಾತೂ ಆಡದೆ ಎದ್ದು ಹೋದ. ಅಂಗಡಿಯೊಂದಕ್ಕೆ ಫೋನ್ ಮಾಡಿ ಕೇಳಿದರೆ, ನೋಡದೆಯೇ "ಕಾರ್ಡ್ ಹೋಗಿರ್ಬೇಕು ಸರ್, ಹೊಸದು ಹಾಕ್ಸಿ" ಅಂದರಂತೆ.

ಅಲ್ಲೇ ಕೂತು ಕೌದಿ ಹೊಲಿಯುತ್ತಿದ್ದ ನಮ್ಮತ್ತೆ ಅಷ್ಟೂ ಕೇಳಿಸಿಕೊಂಡು ಅಂದರು, "ಅಲ್ಲವ್ವಾ, ನಮ್ಮ ಹಳೇ ಮಾಳಿಗಿ ಮನ್ಯಾಗ ಗವಾಕ್ಷಿ ಯಾಕ ಬಿಡ್ತಿದ್ರು? ಬರೀ ಬೆಳಕಿಗಲ್ಲ. ಒಲಿ ಝಳ, ಹೊಗಿ ಮ್ಯಾಲೆ ಹೋಗ್ಲಿ ಅಂತ. ನೀನು ಆ ಪೆಟ್ಟಿಗಿಗೆ ಕಿಂಡೀನ ಇಲ್ದಂಗ ಮಾಡಿ ಕುಂಡ್ರಿಸೀಯಲ್ಲ?"

ನನಗೆ ಎದೆ ಧಸಕ್ಕೆಂದಿತು. ಎದ್ದು ಹೋಗಿ ಕಪಾಟಿನ ಬಾಗಿಲು ತೆಗೆದೆ. ಆಗಷ್ಟೇ ಇಡ್ಲಿ ಪಾತ್ರೆ ಮುಚ್ಚಳ ತೆಗೆದ ಹಾಗೆ ಮುಖಕ್ಕೆ ಝಳ ಬಡಿಯಿತು.

ಮಗನನ್ನು ಕರೆದೆ. "ಏನಾಗ್ತಿದೆ ಅಂತ ನಂಗೂ ತೋರ್ಸು," ಅಂದೆ. ಅವನು ಮೊದಲು ಅನುಮಾನದಿಂದ ನೋಡಿದ, ಆಮೇಲೆ ಕೂತು ವಿವರಿಸಿದ. ಅವನ ಕಾರ್ಡ್ ಪೂರ್ತಿ ದುಡಿಯುವಾಗ 170 ವ್ಯಾಟ್ ಕರೆಂಟ್ ಎಳೆಯುತ್ತದಂತೆ. ನಮ್ಮ ಹಳೇ ಸೀಲಿಂಗ್ ಫ್ಯಾನ್ ಒಂದಕ್ಕೆ ಸುಮಾರು 75 ವ್ಯಾಟ್. ಅಂದರೆ ಎರಡು ಫ್ಯಾನಿಗಿಂತ ಹೆಚ್ಚಿನ ಕರೆಂಟ್, ಅಂಗೈ ಅಗಲದ ಒಂದು ತುಣುಕಿಗೆ. ಹಾಗೆ ಎಳೆದದ್ದೆಲ್ಲ ಕೊನೆಗೆ ಬಿಸಿಯಾಗಿಯೇ ಹೊರಬರಬೇಕು. ಚಿಪ್ಪಿನ ಮೇಲೆ ತೆಳು ತಗಡಿನ ಸಾಲುಗಳಿರುತ್ತವೆ, ಚಿಪ್ಪಿನ ಬಿಸಿಯನ್ನು ಅವು ಹೀರಿಕೊಳ್ಳುತ್ತವೆ. ಫ್ಯಾನುಗಳು ಆ ಸಾಲುಗಳ ನಡುವೆ ಗಾಳಿ ಊದುತ್ತವೆ. ಆ ಗಾಳಿಯೇ ಬಿಸಿಯಾಗಿದ್ದರೆ ಫ್ಯಾನ್ ಎಷ್ಟು ತಿರುಗಿದರೂ ಸುತ್ತುವುದು ಅದೇ ಬಿಸಿ ಗಾಳಿ. ತೀರಾ ಕಾದಾಗ ಕಾರ್ಡ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಚಿತ್ರ ತಡವರಿಸುತ್ತಿದ್ದದ್ದು ಅದಕ್ಕೇ. ಅದೂ ಸಾಲದಿದ್ದರೆ ಜೀವ ಉಳಿಸಿಕೊಳ್ಳಲು ಆಫ್ ಆಗುತ್ತದೆ.

ಅಳೆದು ನೋಡೋಣ ಅಂದ. ಎಂಎಸ್‌ಐ ಆಫ್ಟರ್‌ಬರ್ನರ್ ಅನ್ನೋ ತಂತ್ರಾಂಶ ಆಟದ ನಡುವೆಯೇ ಪರದೆಯ ಮೂಲೆಯಲ್ಲಿ ಕಾರ್ಡಿನ ಬಿಸಿ ತೋರಿಸುತ್ತದೆ. ಕಪಾಟಿನ ಬಾಗಿಲು ಹಾಕಿ ಹತ್ತು ನಿಮಿಷ ಆಡಿದ. 88 ಡಿಗ್ರಿ. ಬಾಗಿಲು ತೆಗೆದು, ಹೊದಿಕೆ ಎತ್ತಿದ ಮೇಲೆ 83. ಡಬ್ಬಿಯನ್ನು ಹೊರಗೆ ತಂದು ಗೋಡೆಯಿಂದ ಒಂದು ಗೇಣು ದೂರ ಇಟ್ಟ ಮೇಲೆ 78. ಒಂದು ಪೈಸೆ ಖರ್ಚಿಲ್ಲದೆ ಹತ್ತು ಡಿಗ್ರಿ ಇಳಿಯಿತು. ಸಾಮಾನ್ಯವಾಗಿ ದುಡಿಯುವಾಗ 65ರಿಂದ 80ರ ಒಳಗಿದ್ದರೆ ಚಿಂತೆ ಇಲ್ಲವಂತೆ. ಕೋಣೆಯ ಸೆಖೆ ಎಷ್ಟು ಏರುತ್ತದೋ ಕಾರ್ಡಿನ ಬಿಸಿಯೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಜನವರಿಯಲ್ಲಿ ಸುಮ್ಮನಿದ್ದದ್ದು ಏಪ್ರಿಲ್‌ನಲ್ಲಿ ಯಾಕೆ ಕೆರಳಿತು ಅನ್ನೋದು ಆಗ ಅರ್ಥವಾಯಿತು.

ಭಾನುವಾರ ಬೆಳಿಗ್ಗೆ ಬಾಲ್ಕನಿಯಲ್ಲಿ ಸ್ವಚ್ಛತಾ ಕಾರ್ಯಕ್ರಮ. ನಾನು ಟಾರ್ಚ್ ಹಿಡಿಯೋಳು. ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಸ್ವಲ್ಪ ಹೊತ್ತು ಬಿಟ್ಟು, ಡಬ್ಬಿಯ ಲೋಹದ ಮೈಯನ್ನು ಒಮ್ಮೆ ಮುಟ್ಟಿ ಆಮೇಲೆ ಕೈ ಹಾಕಿದ. ನಮ್ಮ ಮೈಯಲ್ಲಿರುವ ಸ್ಥಿರ ವಿದ್ಯುತ್ತು ಒಳಗಿನ ಭಾಗಗಳಿಗೆ ತಾಗಬಾರದಂತೆ. ನಾನು ವ್ಯಾಕ್ಯೂಮ್ ಕ್ಲೀನರ್ ತರಲು ಹೊರಟರೆ ಅದೇ ಕಾರಣ ಹೇಳಿ ತಡೆದ. ಪಕ್ಕದ ಮನೆಯವರ ಬ್ಲೋವರ್ ತಂದೆವು. ಊದುವ ಮುಂಚೆ ಕಾರ್ಡಿನ ಫ್ಯಾನುಗಳು ತಿರುಗದಂತೆ ಬೆರಳಿನಲ್ಲಿ ಒತ್ತಿ ಹಿಡಿದ. ಇಲ್ಲದಿದ್ದರೆ ಗಾಳಿಯ ರಭಸಕ್ಕೆ ಅತಿವೇಗವಾಗಿ ತಿರುಗಿ ಬೇರಿಂಗ್ ಹಾಳಾಗಬಹುದಂತೆ.

ತಗಡಿನ ಸಾಲುಗಳ ನಡುವೆ ಕೆಂಧೂಳು ಹೆಪ್ಪುಗಟ್ಟಿತ್ತು. ಟಾರ್ಚ್ ಹತ್ತಿರ ಹಿಡಿದು ನೋಡಿದೆ. ಧೂಳಿನ ಜೊತೆ ನೀಲಿ ಎಳೆಗಳು. ನನ್ನ ಹೊದಿಕೆಯವೇ. ಮಗನೂ ನೋಡಿದ, ಏನೂ ಅನ್ನಲಿಲ್ಲ. ಅಂದಿದ್ದರೆ ನನಗೆ ಹಗುರಾಗುತ್ತಿತ್ತೇನೋ.

"ತಪ್ಪು ನಂದೇ ಕಣೋ," ಅಂದೆ.

"ನೀನು ಒಳ್ಳೇದಕ್ಕೇ ಮಾಡಿದ್ದು ಬಿಡಮ್ಮ. ಆದ್ರೆ ನಾನು ಹೇಳಿದಾಗ ಒಂದ್ಸಲ ಕೇಳ್ಬಹುದಿತ್ತು," ಅಂದ. ಅಷ್ಟೇ.

ಸ್ವಚ್ಛ ಮಾಡಿದ ಮೇಲೆ 73 ಡಿಗ್ರಿ. ಚಿಪ್ಪಿಗೂ ತಗಡಿಗೂ ನಡುವೆ ಹಚ್ಚಿರುವ ಥರ್ಮಲ್ ಪೇಸ್ಟ್ ವರ್ಷಗಳು ಕಳೆದಂತೆ ಒಣಗುತ್ತದೆ, ಅದನ್ನೂ ಬದಲಿಸುತ್ತಾರಂತೆ. ಅದಕ್ಕೆ ಕಾರ್ಡನ್ನೇ ಬಿಚ್ಚಬೇಕು. ಅವನ ಕಾರ್ಡಿಗೆ ಇನ್ನೂ ವಾರಂಟಿ ಇದೆ, ಬಿಚ್ಚಿದರೆ ವಾರಂಟಿಗೆ ತಕರಾರು ಬರಬಹುದು ಅಂತ ಮುಟ್ಟಲಿಲ್ಲ. ವಾರಂಟಿ ಮುಗಿದಿದ್ದರೂ ಅದು ಗೊತ್ತಿದ್ದವರ ಕೈಯಲ್ಲೇ ಆಗಬೇಕಾದ ಕೆಲಸ.

ಕೊನೆಗೆ ಎರಡು ಸೆಟ್ಟಿಂಗ್ ಬದಲಿಸಿದ. ಇವನ ಪರದೆ ಸೆಕೆಂಡಿಗೆ 75 ಚಿತ್ರ ಮಾತ್ರ ತೋರಿಸಬಲ್ಲದು. ಕಾರ್ಡ್ ಮಾತ್ರ 140ರವರೆಗೂ ತಯಾರಿಸುತ್ತಿತ್ತು. ನಾಲ್ಕು ಜನರ ಮನೆಯಲ್ಲಿ ಎಂಟು ಜನರಿಗೆ ಅನ್ನ ಮಾಡಿದ ಹಾಗೆ. ಅದನ್ನು 75ಕ್ಕೆ ಮಿತಿಗೊಳಿಸಿದ. ಕಾರ್ಡ್ ಎಳೆಯುವ ಕರೆಂಟಿನ ಮಿತಿಯನ್ನು ಶೇಕಡ 85ಕ್ಕೆ ಇಳಿಸಿದ. ಆಟದಲ್ಲಿ ವ್ಯತ್ಯಾಸವೇ ಗೊತ್ತಾಗಲಿಲ್ಲವಂತೆ. ಬಿಸಿ 66ಕ್ಕೆ ಬಂತು. ಮಿಕ್ಸಿ ಸದ್ದೂ ನಿಂತಿತು. ಆ ರಾತ್ರಿಯೇ ಸ್ಟುಡಿಯೋದ ಉಳಿದ ವಿಡಿಯೋ ಮುಗಿಸಿ ಕೊಟ್ಟ.

ಊಟದ ಹೊತ್ತಿಗೆ ಇವರೆದುರು ನಾನೇ ಬಾಯಿ ಬಿಟ್ಟೆ. "ಆಟ ಆಡಿದ್ದಕ್ಕಲ್ಲ ರೀ, ನಾನು ಕಪಾಟಿನಲ್ಲಿಟ್ಟಿದ್ದಕ್ಕೆ ಹಾಗಾಗಿದ್ದು." ಇವರು ಸುಮ್ಮನೆ ಸಾರು ಬಡಿಸಿಕೊಂಡರು. ಮರುದಿನ ಸಂಜೆ ಕೈಯಲ್ಲಿ ಒಂದು ಪ್ಲೈವುಡ್ ಹಲಗೆ, ನಾಲ್ಕು ಪುಟ್ಟ ಚಕ್ರ. "ನೆಲದ ಧೂಳು ತಾಗಲ್ಲ, ಗಾಳೀನೂ ಆಡುತ್ತೆ," ಅಂತ ಮಗನ ಕೈಗೆ ಕೊಟ್ಟು ಒಳಗೆ ಹೋದರು. ಅಪ್ಪ, ಮಗ ಕೂತು ಸ್ಕ್ರೂ ತಿರುಗಿಸುತ್ತಿದ್ದ ಸದ್ದು ಅಡುಗೆಮನೆಗೆ ಕೇಳುತ್ತಿತ್ತು. ನಾನು ಬೇಕೆಂದೇ ಆ ಕಡೆ ಹೋಗಲಿಲ್ಲ.

ನಿಮ್ಮ ಮನೆಯಲ್ಲೂ ಇಂಥದ್ದೊಂದು ಡಬ್ಬಿ ಇದ್ದರೆ ಒಮ್ಮೆ ಅದರ ಹಿಂದೆ ಕೈಯಿಟ್ಟು ನೋಡಿ. ಬಿಸಿ ಗಾಳಿ ಬರುತ್ತಿದ್ದರೆ ಹೆದರಬೇಡಿ, ಅದು ಬರಲೇಬೇಕು. ಹೊರಗೆ ಬಂದ ಗಾಳಿಗೆ ಮುಂದೆ ಹೋಗಲು ದಾರಿ ಇದೆಯಾ ಅಂತ ನೋಡಿ. ಹೊಸ ಕಾರ್ಡಿನ ಮಾತು ಆಮೇಲೆ.

ನಮ್ಮನೆಯಲ್ಲಿ ಈಗ ತಿಂಗಳ ಮೊದಲ ಭಾನುವಾರ ಬ್ಲೋವರ್ ಕೆಲಸ ಮಗನದು, ಟಾರ್ಚ್ ನನ್ನದು. ಖಾಲಿಯಾದ ಕಪಾಟಿನಲ್ಲಿ ಅತ್ತೆ ಕಳೆದ ವಾರದ ಉಪ್ಪಿನಕಾಯಿ ಜಾಡಿ ಇಟ್ಟು ಬಾಗಿಲು ಹಾಕಿದ್ದಾರೆ. ಅದಕ್ಕೆ ಗಾಳಿ ಆಡದಿದ್ದರೇ ಒಳ್ಳೆಯದು.