ಯಾವ ಹುಲಿ ಎಂದು ಮೊದಲು ತೋರಿಸಿ

2025ರ ಸೆಪ್ಟೆಂಬರ್‌ನಲ್ಲಿ ಬೊಮ್ಮಲಾಪುರದ ಜನ ಹುಲಿಗೆಂದು ಇಟ್ಟಿದ್ದ ಬೋನಿನೊಳಗೆ ಅರಣ್ಯ ಸಿಬ್ಬಂದಿಯನ್ನೇ ಕೂಡಿಹಾಕಿದರು. ವಿಡಿಯೊ ನೋಡಿದವರೆಲ್ಲ ನಕ್ಕರು. ಇದೇ ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ಅರಿಶಿನ, ಚೆಂಡು ಹೂವು ಬೆಳೆದುಕೊಂಡು ಹಸು ಕಟ್ಟಿಕೊಂಡಿರುವ ನನಗೆ ನಗು ಬರಲಿಲ್ಲ. ವಾಚರ್‌ಗಳೂ ನಮ್ಮ ಊರುಕೇರಿಯ ಹುಡುಗರೇ. ಅವರನ್ನು ಕೂಡಿಹಾಕಿದ್ದು ತಪ್ಪು. ಆದರೆ ಕರೆಯುವ ಹಸುವನ್ನು ಹುಲಿ ಎಳೆದೊಯ್ದ ಮನೆಯಲ್ಲಿ ಡೇರಿ ಬಟವಾಡೆಯ ದಿನ ಏನಾಗುತ್ತದೆಂದು ಕೇಳಿ ನೋಡಿ.

ಆ ವರ್ಷದ ಜೂನ್‌ನಲ್ಲಿ ನಮ್ಮದೇ ಜಿಲ್ಲೆಯ ಮೀಣ್ಯಂ ಬಳಿ ಸತ್ತ ಹಸುವಿಗೆ ವಿಷ ಹಾಕಿದ್ದರು. ತಾಯಿ ಹುಲಿಯೊಂದಿಗೆ ನಾಲ್ಕು ಮರಿಗಳೂ ಸತ್ತವು. ಮರಿಗಳು ಯಾರ ಹಸು ಕೊಂದಿದ್ದವು? ವಿಷ ಅದನ್ನೆಲ್ಲ ವಿಚಾರಿಸುವುದಿಲ್ಲ. ಬೋನೂ ಅಷ್ಟೇ, ಆ ದಾರಿಯಲ್ಲಿ ಬಂದದ್ದು ಯಾವುದೋ ಅದು ಒಳಗೆ.

ಕ್ಯಾಮೆರಾ ಮಾತ್ರ ಗುರುತು ಹಿಡಿಯುತ್ತದೆ. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿಲ್ಲ. ಪಕ್ಕದ ನಾಗರಹೊಳೆಯಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1990ರ ದಶಕದಲ್ಲೇ ಪಟ್ಟೆ ಹೋಲಿಸಿ ಹುಲಿ ಎಣಿಸಿದರು. ಇಂದು ನಮ್ಮ ಬಂಡೀಪುರದ ಹುಲಿಗಳ ಚಿತ್ರಗಳು ಅರಣ್ಯ ಇಲಾಖೆಯ ಬಳಿಯೇ ಇವೆ. 2019ರಲ್ಲಿ ಇಲ್ಲಿ ಇಬ್ಬರು ರೈತರು ಹುಲಿ ದಾಳಿಗೆ ಸತ್ತಾಗ ಗುಂಡಿಕ್ಕಿ ಎಂಬ ಕೂಗೆದ್ದಿತ್ತು. ಕೊನೆಗೆ ಆ ಹುಲಿಗೆ ಅರಿವಳಿಕೆ ಕೊಟ್ಟು, ಜೀವಂತ ಹಿಡಿದು ಮೈಸೂರಿಗೆ ಸಾಗಿಸಿದರು. ಮನುಷ್ಯರ ಜೀವಕ್ಕೆ ಅಪಾಯವಾದ, ಹಿಡಿಯಲು ಆಗದ ಹುಲಿಯನ್ನು ಕೊಲ್ಲಲು 1972ರ ವನ್ಯಜೀವಿ ಕಾಯ್ದೆಯಲ್ಲೇ ಅವಕಾಶವಿದೆ. ಅದನ್ನು ನಾನು ಬೇಡವೆನ್ನುವುದಿಲ್ಲ. ಆದರೆ ಹಿಡಿಯಹೊರಟಿರುವುದು ಅದೇ ಹುಲಿಯೇ? ಜಾಗ ಹುಡುಕುತ್ತಾ ಕಬ್ಬಿನ ಗದ್ದೆಗೆ ಬಂದ ಹರೆಯದ ಹುಲಿಯೇ? ತಪ್ಪಾಗಿ ಇನ್ನೊಂದನ್ನು ಹಿಡಿದರೆ ಕೊಂದದ್ದು ಹೊರಗೇ ಇರುತ್ತದೆ, ಖಾಲಿಯಾದ ಜಾಗಕ್ಕೆ ಮತ್ತೊಂದು ಬರುತ್ತದೆ, ಮುಂದಿನ ತಿಂಗಳು ನಾವು ಮತ್ತೆ ರಸ್ತೆಯಲ್ಲಿ ಕೂರುತ್ತೇವೆ.

ಅದಕ್ಕೇ ಇಲಾಖೆಯವರಿಗೆ ಹೇಳುತ್ತೇನೆ: ಕಂದಾಯ ಭೂಮಿಯಲ್ಲಿ ಓಡಾಡುವ ಹುಲಿಯ ಚಿತ್ರವನ್ನು ಗ್ರಾಮ ಪಂಚಾಯಿತಿ ಬೋರ್ಡಿಗೆ ಅಂಟಿಸಿ. ದನ ಹಿಡಿದದ್ದು ಅದೇನಾ, ಯಾವ ಸಾಕ್ಷಿಯಿಂದ ಗೊತ್ತಾಯಿತು, ಬರೆಯಿರಿ. ಬೇಟೆಗಾರರಿಗೆ ಸುಳಿವಾಗುತ್ತದೆ ಎನ್ನಬಹುದು. ಕಾಡೊಳಗಿನ ಹುಲಿಗಳ ಜಾಡು ಯಾರೂ ಕೇಳುತ್ತಿಲ್ಲ. ಹೊಲದಲ್ಲಿರುವ ಹುಲಿಯ ಸುದ್ದಿ ಅಧಿಕಾರಿಗಳಿಗಿಂತ ಮೊದಲು ನಮ್ಮ ವಾಟ್ಸ್‌ಆ್ಯಪ್‌ಗೆ ಬಂದಿರುತ್ತದೆ, ಜೊತೆಗೆ ಎಲ್ಲಿನದೋ ಹಳೆಯ ವಿಡಿಯೊ ಕೂಡ.

ಇನ್ನು ಪರಿಹಾರ. ಮಹಜರು ಅದೇ ದಿನ ಆಗಲಿ, ಹಣ ಆ ತಿಂಗಳ ಸಾಲದ ಕಂತಿಗೆ ಒದಗಲಿ. ಕಳೇಬರದ ಪಕ್ಕ ವಿಷದ ಡಬ್ಬಿ ಹಿಡಿದು ನಿಂತವನಿಗೆ ಹುಲಿಯ ಮಹಿಮೆ ಹೇಳುವ ಬದಲು ಈ ಕೆಲಸ ಮಾಡಿ.