ಮನೆ-ಮನ: ಹಾಲ್ ದೊಡ್ಡದಾಗಬೇಕೆ?

ದೀಪಾವಳಿ ಹತ್ತಿರವಾದಂತೆ ನಮ್ಮ ಮುಂಬಯಿ ಮನೆಗಳಲ್ಲಿ ಹಾಲ್‌ಗೆ ಹೊಸ ರೂಪ ಕೊಡುವ ಉತ್ಸಾಹ. ಕೊಡಿ, ಬೇಡವೆನ್ನುವುದಿಲ್ಲ. ಆದರೆ ಮಿಸ್ತ್ರಿಯ ಮಾತು ಕೇಳಿ ಗೋಡೆ ಒಡೆಸುವ ಮುನ್ನ ಸ್ವಲ್ಪ ತಾಳಿ.

2017ರ ಜುಲೈ 25ರಂದು ಘಾಟ್‌ಕೋಪರ್‌ನಲ್ಲಿ ಸಿದ್ಧಿ ಸಾಯಿ ಕಟ್ಟಡ ಕುಸಿದು 17 ಮಂದಿ ಸತ್ತದ್ದು ನಿಮಗೆ ನೆನಪಿರಬಹುದು. ನೆಲ ಅಂತಸ್ತಿನ ನವೀಕರಣದಲ್ಲಿ ಕಂಬಗಳಿಗೇ ಕೈ ಹಾಕಿದ್ದರೆಂಬುದು ಆರೋಪ. ಹಳೆಯ ಕಟ್ಟಡಗಳಲ್ಲಿ ಎಷ್ಟೋ ಕಡೆ ಇಟ್ಟಿಗೆ ಗೋಡೆಯೇ ಮೇಲಿನ ಮನೆಯ ಭಾರ ಹೊತ್ತಿರುತ್ತದೆ. ಕಾಂಕ್ರೀಟ್ ಕಂಬ-ತೊಲೆಗಳ ಕಟ್ಟಡದಲ್ಲಿ ನಡುವಿನ ತೆಳುಗೋಡೆಗೆ ಸಾಮಾನ್ಯವಾಗಿ ಆ ಹೊರೆ ಇಲ್ಲ. ಯಾವುದು ಎಂಥದೆಂದು ಬಡಿದು ನೋಡಿ ತಿಳಿಯುವುದಲ್ಲ. ಸ್ಟ್ರಕ್ಚರಲ್ ಇಂಜಿನಿಯರರಿಗೆ ತೋರಿಸಿ. ಸೊಸೈಟಿಗೂ ಅರ್ಜಿ ಕೊಡಿ, ಕಾರ್ಯದರ್ಶಿಯೊಡನೆ ನಿಮಗೆ ಮಾತುಕತೆ ಇಲ್ಲದಿದ್ದರೂ!

ಗೋಡೆ ಮುಟ್ಟದೆಯೂ ಹಾಲ್ ಹಿಗ್ಗುತ್ತದೆ. ಕಿಟಕಿಗೆ ಅಡ್ಡವಾದ ಶೋಕೇಸನ್ನು ಸರಿಸಿ, ಬೆಳಕು ಬರಲಿ. ದೊಡ್ಡ ಸೋಫಾದ ಬದಲು ಒಳಗೆ ಹಾಸಿಗೆ ತುಂಬಿಡುವಂಥ ದಿವಾನ ಮಾಡಿಸಿ; ಊರಿನಿಂದ ನೆಂಟರು ಬಂದಾಗ ಅದೇ ಮಂಚ. ಒಂಬತ್ತಡಿ ಎತ್ತರದ ಕೋಣೆಗೆ ಪಿಓಪಿ ಸೀಲಿಂಗ್ ಇಳಿಬಿಡಿಸಿದರೆ ಫ್ಯಾನು ನಿಮ್ಮ ತಲೆಗೇ ಹತ್ತಿರವಾಗುತ್ತದೆ. ಬಣ್ಣ ತಿಳಿಯಾದದ್ದೇ ಇರಲಿ. ಮಳೆಗಾಲ ಮುಗಿದು ಗೋಡೆ ಪೂರ್ತಿ ಒಣಗಿದ ಮೇಲೆ ಬಳಿಸಿ. ಹಸಿಗೋಡೆಯ ಬಣ್ಣ ಸಂಕ್ರಾಂತಿಯೊಳಗೆ ಹಪ್ಪಳದಂತೆ ಏಳುತ್ತದೆ.