ಕಪ್ಪು ಕಲೆಯ ಕಂಬದಲ್ಲೂ ಚಂದ ಉಂಟು

ಫೋಟೋ ತೆಗೆಯಲು ಹೊರಟವರು ಮೊದಲು ಹುಡುಕುವುದು ಹೂವು, ಬೆಟ್ಟ, ಸಮುದ್ರ. ನಮ್ಮ ಪೆರ್ಡೂರಿನ ಮಕ್ಕಳಿಗೆ ಅದಕ್ಕೆ ಬರವಿಲ್ಲ. ಮಳೆಗಾಲದ ಗದ್ದೆ, ಅನಂತಪದ್ಮನಾಭ ದೇವರ ರಥಬೀದಿ, ಹೆಬ್ರಿ ದಾಟಿದರೆ ಆಗುಂಬೆ ಘಾಟಿ. ಆದರೆ ಮಕ್ಕಳೇ, ರಜೆಯಲ್ಲಿ ಬೆಂಗಳೂರಿಗೆ ಹೋದಾಗ ಕಂಬಗಳ ಮೇಲೆ ಎತ್ತರದಲ್ಲಿ ನಿಂತ ಒಂದು ಮೆಟ್ರೊ ನಿಲ್ದಾಣವನ್ನೂ ಸ್ವಲ್ಪ ಹೊತ್ತು ನಿಂತು ನೋಡಿ.

ಎಂ.ಜಿ. ರಸ್ತೆಯ ನಿಲ್ದಾಣವನ್ನೇ ತೆಗೆದುಕೊಳ್ಳಿ. ಬೆಂಗಳೂರಿನ ಮೊದಲ ಮೆಟ್ರೊ 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಅಲ್ಲಿಯವರೆಗೆ ಓಡಿತು. ಈ ಮಾರ್ಗದ ಒಂದು ಕಂಬದ ಫೋಟೋ ನಾನು ತೆಗೆಯುತ್ತಿದ್ದಾಗ ಮೊಮ್ಮಗ ಕೇಳಿದ, “ಅಜ್ಜ, ಇಷ್ಟು ಗಲೀಜಾಗಿದೆ, ಇದನ್ನ ಯಾಕೆ ತೆಗೀತೀರಾ?”

“ಪುಟ್ಟ, ಆ ಕಪ್ಪು ಗೆರೆಗಳನ್ನು ನೋಡು. ಪ್ರತಿ ಮಳೆಯಲ್ಲಿ ನೀರು ಎಲ್ಲಿಂದ ಇಳಿಯಿತು ಎಂದು ಕಂಬವೇ ಬರೆದಿಟ್ಟ ಲೆಕ್ಕ ಅದು” ಎಂದೆ. ಅವನು ಹತ್ತಿರ ಹೋಗಿ ನೋಡಿದ. ಹರಿದ ಪೋಸ್ಟರಿನ ಕೆಳಗೆ ಇನ್ನೊಂದು ಹಳೆಯ ಪೋಸ್ಟರ್ ಇದ್ದದ್ದನ್ನು ನನಗೆ ತೋರಿಸಿದ್ದು ಅವನೇ.

ಇಂಥ ಜಾಗದಲ್ಲಿ ಚಂದ ಇರುವುದು ಗೆರೆಗಳಲ್ಲಿ ಮತ್ತು ಬೆಳಕಿನಲ್ಲಿ. ಒಂದರ ಹಿಂದೆ ಒಂದು ಸಣ್ಣದಾಗುತ್ತಾ ಹೋಗುವ ಕಂಬಗಳು, ಸಂಜೆ ಬಿಸಿಲಿಗೆ ನೆಲದ ಮೇಲೆ ಬೀಳುವ ಉದ್ದುದ್ದ ನೆರಳು, ಮಳೆ ನಿಂತ ಮೇಲೆ ರಸ್ತೆಯ ಹೊಂಡದ ನೀರಿನಲ್ಲಿ ತಲೆಕೆಳಗಾಗಿ ಓಡುವ ರೈಲು. ಇನ್ನೊಂದು ವಿಶೇಷವುಂಟು. ಉಡುಪಿಯ ಇಂದ್ರಾಳಿ ನಿಲ್ದಾಣದಲ್ಲಿ ಹಳಿಯ ಮೇಲಿನ ಆಕಾಶಕ್ಕೆ ವಿದ್ಯುತ್ ತಂತಿ ಅಡ್ಡ ಬರುತ್ತದೆ. ನಮ್ಮ ಮೆಟ್ರೊಗೆ ಮೇಲೆ ತಂತಿಯೇ ಇಲ್ಲ. ಹಳಿಯ ಪಕ್ಕದಲ್ಲೇ ಹಾಕಿದ ಮೂರನೆಯ ಹಳಿಯಲ್ಲಿ 750 ವೋಲ್ಟ್ ವಿದ್ಯುತ್ ಹರಿಯುತ್ತದೆ. ಹಾಗಾಗಿ ಫೋಟೋದಲ್ಲಿ ಆಕಾಶ ಶುಭ್ರವಾಗಿ ಸಿಗುತ್ತದೆ.

ಆ ಮೂರನೆಯ ಹಳಿ ಪ್ರಾಣಕ್ಕೆ ಅಪಾಯ. ಫೋಟೋದ ಆಸೆಗೆ ಹಳದಿ ಗೆರೆ ದಾಟಬೇಡಿ, ಮೊಬೈಲ್ ಕೆಳಗೆ ಬಿದ್ದರೂ ಇಳಿಯಬೇಡಿ, ಸಿಬ್ಬಂದಿಯನ್ನು ಕರೆಯಿರಿ. ನಿಲ್ದಾಣದ ಒಳಗೆ ತೆಗೆಯುವುದಾದರೆ ಮೊದಲು ಅವರನ್ನು ಕೇಳಿ. ಬೇಡ ಎಂದರೆ ಹೊರಗೆ ಬಂದು ಕಾಲುದಾರಿಯಿಂದ ತೆಗೆಯಿರಿ. ಕಸ ಗುಡಿಸುವ ಅಮ್ಮ, ಹೂ ಮಾರುವ ಅಕ್ಕ, ಇವರ ಫೋಟೋ ಬೇಕಾದರೆ ಅವರನ್ನೂ ಕೇಳಿಯೇ ತೆಗೆಯಿರಿ.

ಇಂಥ ಫೋಟೋದಿಂದ ಏನು ಪ್ರಯೋಜನ ಎನ್ನುವವರಿಗೆ ಅಮೆರಿಕದ ಒಂದು ಕಥೆ ಹೇಳುತ್ತೇನೆ. ನ್ಯೂಯಾರ್ಕಿನಲ್ಲಿ ಹಿಂದೆ ಬೀದಿಯ ಮೇಲೆ ಕಬ್ಬಿಣದ ಕಂಬಗಳ ಮೇಲೆ ರೈಲು ಓಡುತ್ತಿತ್ತು. ಗದ್ದಲ, ಕತ್ತಲೆ ಎಂದು ಜನ ದೂರುತ್ತಿದ್ದರು. ಬೆರೆನಿಸ್ ಅಬಟ್ ಎಂಬ ಮಹಿಳೆ 1936ರಲ್ಲಿ ಅದೇ ಹಳಿಗಳ ಕೆಳಗೆ ನಿಂತು, ಸಂದಿನಿಂದ ಬೀದಿಗೆ ಪಟ್ಟೆಪಟ್ಟೆಯಾಗಿ ಬೀಳುವ ಬೆಳಕನ್ನು ಸೆರೆಹಿಡಿದರು. ಮ್ಯಾನ್‌ಹಟನ್ನಿನಲ್ಲಿ ಉಳಿದಿದ್ದ ಥರ್ಡ್ ಅವೆನ್ಯೂ ಮಾರ್ಗವೂ 1955ರಲ್ಲಿ ನಿಂತುಹೋಯಿತು. ಆ ಬೆಳಕು ಈಗ ಇರುವುದು ಫೋಟೋದಲ್ಲಿ ಮಾತ್ರ.

ನಮ್ಮಲ್ಲೂ ಹಾಗೆಯೇ. ಮೆಟ್ರೊ ಬರುವ ಮೊದಲು ಎಂ.ಜಿ. ರಸ್ತೆಯಲ್ಲಿ ಪರೇಡ್ ಮೈದಾನದ ಬದಿಗೆ ಮರಗಳ ಸಾಲು, ಕಾಗದದ ಹೂವಿನ ಬಳ್ಳಿ, ನೆರಳಿನ ದಾರಿ ಇತ್ತು. ಅದನ್ನು ಕಂಡ ಹಿರಿಯರು ಇವತ್ತು ಹಳೆಯ ಚಿತ್ರಗಳಲ್ಲೇ ಹುಡುಕಬೇಕು. ಇಂದಿನ ಕಂಬವೂ ಒಂದು ದಿನ ಹಳೆಯ ಚಿತ್ರವಾದೀತು.

ಬೆಂಗಳೂರಿಗೇ ಹೋಗಬೇಕೆಂದಿಲ್ಲ. ಈ ಭಾನುವಾರ ನಿಮ್ಮೂರಿನ ಬಸ್ ನಿಲ್ದಾಣವನ್ನೋ ಹಳೆಯ ಸಂಕವನ್ನೋ ಇದ್ದ ಹಾಗೆಯೇ ಒಂದು ಫೋಟೋ ತೆಗೆಯಿರಿ. ಅಲ್ಲಿ ಮೊದಲು ಏನಿತ್ತೆಂದು ಅಜ್ಜ ಅಜ್ಜಿಯನ್ನು ಕೇಳಿ, ಪ್ರಿಂಟ್ ಹಾಕಿಸಿ, ಹಿಂದುಗಡೆ ಅವರ ಮಾತನ್ನೂ ತಾರೀಕನ್ನೂ ಬರೆದಿಡಿ.